ಬಿಗಿದ ಮುಚ್ಚಳ

ಅವನನ್ನು ಮಣ್ಣು ಮಾಡಿ ಬಂದ ಐದನೆಯ ದಿನ ಅತ್ತೆ ಕೆಲಸಕ್ಕೆ ಹೊರಟರು. ನಂಟರೆಲ್ಲ ಹೋಗಿಯಾಗಿತ್ತು. ಬಾಡಿಗೆಯ ಕುರ್ಚಿಗಳೂ ಹೋಗಿದ್ದವು. ನಲ್ಲಿಯಲ್ಲಿ ಎಂದಿನಂತೆ ಆರಕ್ಕೆ ನೀರು ಬಂತು, ಆರೂವರೆಗೆ ನಿಂತಿತು. ಕಸದ ಗಾಡಿಯವನು ಬಾಗಿಲು ಬಡಿದು "ಕಸಾ" ಎಂದು ಕೂಗಿದ. ಆಮೇಲೆ ನೆನಪಾಯಿತೇನೋ, ದನಿ ತಗ್ಗಿಸಿಕೊಂಡು ಮುಂದೆ ಹೋದ.

ಅತ್ತೆಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಮೂವತ್ತು ವರ್ಷದಿಂದ ಯಾರ್ಯಾರದೋ ರಕ್ತದ ಹಾಸುಬಟ್ಟೆಗಳನ್ನು ತಣ್ಣೀರಲ್ಲಿ ನೆನೆಸಿ, ಹಿಂಡಿ, ಬಿಸಿನೀರಿಗೆ ಹಾಕುತ್ತಿದ್ದಾರೆ. ಮಗನನ್ನು ತಂದು ಮಲಗಿಸಿದ್ದೂ ಅದೇ ಆಸ್ಪತ್ರೆಯಲ್ಲಿ. ಅವನ ಕೆಳಗೆ ಹಾಸಿದ್ದ ಬಟ್ಟೆ ಯಾರ ಕೈಗೆ ಹೋಯಿತು, ಯಾರು ಒಗೆದರು ಎಂಬ ಮಾತನ್ನು ಅತ್ತೆ ಸೊಸೆ ಇಬ್ಬರೂ ಎತ್ತಿರಲಿಲ್ಲ.

"ಲೇ, ಇದರ ಗುಂಡಿ ಕಿತ್ತೋಗಿದೆ. ಒಂದು ಹಾಕ್ಕೊಡು. ನನಗೆ ಸೂಜಿ ಕಣ್ಣೇ ಕಾಣಲ್ಲ," ಎಂದು ಅತ್ತೆ ರವಿಕೆಯನ್ನು ಅವಳ ಮಡಿಲಿಗೆ ಎಸೆದರು.

ಹೊಲಿಗೆಯ ಸಾಮಾನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಮುಚ್ಚಳ ತೆಗೆದಳು. ಮೇಲೆಯೇ ಕನ್ನಡಕವಿತ್ತು. ಕಬ್ಬಿಣ ಉಜ್ಜುವವರು ಹಾಕಿಕೊಳ್ಳುವ ದೊಡ್ಡ ಕನ್ನಡಕ. ಕಣ್ಣಿನ ಸುತ್ತ ರಬ್ಬರು, ಹಿಂದಕ್ಕೆ ಎಲಾಸ್ಟಿಕ್ ಪಟ್ಟಿ. ಪಟ್ಟಿ ಜೋಲು ಬಿದ್ದಿದೆ, ಬಗ್ಗಿದರೆ ಮೂಗಿನ ಮೇಲೆ ಜಾರುತ್ತದೆ ಎಂದು ಅವನು ದೂರಿದ್ದ. ಅವನು ಹೋದ ದಿನ ಬೆಳಿಗ್ಗೆ ಅವನ ತಲೆಗೆ ಪಟ್ಟಿ ಸುತ್ತಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಮಡಿಸಿ ಹೊಲಿಯಲು ಕೂತಿದ್ದಳು.

"ಹೊತ್ತಾಯ್ತು ಮೇಡಮ್ಮು. ಇವತ್ತು ಬರೀ ತೊಳೆಯೋ ಕೆಲಸ, ಕನ್ನಡಕ ಬೇಡ. ಸಂಜೆ ಹೊಲಿದಿಡು," ಎಂದು ಹೇಳಿ ಅವನು ಹೊರಟಿದ್ದ.

ಸೂಜಿ ಇನ್ನೂ ಎಲಾಸ್ಟಿಕ್ಕಿನಲ್ಲೇ ಚುಚ್ಚಿಕೊಂಡಿತ್ತು. ದಾರವೂ ಇತ್ತು.

ಅವಳು ಅದೇ ಸೂಜಿ ತೆಗೆದು ಅತ್ತೆಯ ಗುಂಡಿ ಹಾಕಿದಳು. ಅಳು ಬರಲಿಲ್ಲ. ಐದು ದಿನದಿಂದ ಬಂದಿಲ್ಲ. ಕೈಕಾಲು ಯಾರದೋ ಎನ್ನುವ ಹಾಗೆ ಕೆಲಸ ಮಾಡುತ್ತಿದ್ದವು.

ಅತ್ತೆ ರವಿಕೆ ತೊಟ್ಟು ಬಾಗಿಲಲ್ಲಿ ನಿಂತರು. "ಸ್ಕೂಲಿಂದ ಹೇಳಿಕಳಿಸಿದ್ದಾರಲ್ಲ, ಹೋಗ್ತೀಯಲ್ವಾ?"

"ಹ್ಞೂಂ."

"ಅದೇನು ಸಹಿ ಕೇಳ್ತಾರೋ ಹಾಕ್ಬಿಡು. ಅವನ ಕೆಲಸ ನಿನಗೆ ಕೊಡ್ತಾರಂತೆ. ಹೋದವನು ಹೋದ. ನನ್ನ ಸೊಂಟ ಇನ್ನೆಷ್ಟು ದಿನ ಬಗ್ಗುತ್ತೆ ಹೇಳು. ಇಬ್ಬರೂ ಗಾಳಿ ಕುಡಿದು ಬದುಕಕ್ಕಾಗುತ್ತಾ?"

"ಓದಿ ಬರ್ತೀನಿ ಅತ್ತೆ. ಏನು ಬರೆದಿದ್ದಾರೋ."

"ನಿನ್ನ ಓದಿನಿಂದಲೇ ಹೀಗಾಗಿದ್ದು," ಎಂದರು ಅತ್ತೆ. ಅಂದದ್ದಕ್ಕೆ ಅವರಿಗೇ ಹೆದರಿಕೆಯಾಯಿತು. ಒಳಗೆ ಬಂದು ಸೊಸೆಯ ತಲೆ ಸವರಿ, ಸರಸರ ಹೊರಟುಹೋದರು.

ಅತ್ತೆ ಅಂದದ್ದು ಪೂರ್ತಿ ಸುಳ್ಳೂ ಅಲ್ಲ.

ಅವನು ಶಾಲೆಯ ವಿಜ್ಞಾನ ಪ್ರಯೋಗಾಲಯದ ಅಟೆಂಡರು. ಮಕ್ಕಳು 'ಲ್ಯಾಬಣ್ಣ' ಎನ್ನುತ್ತಿದ್ದರು. ಮೇಷ್ಟ್ರುಗಳು 'ಏ ಲ್ಯಾಬು' ಎನ್ನುತ್ತಿದ್ದರು. ಎಂಟು ವರ್ಷದಲ್ಲಿ ಅವನ ಹೆಸರು ಆ ಕಟ್ಟಡದಲ್ಲಿ ಕೇಳಿಬಂದದ್ದು ಅವನು ಸತ್ತ ದಿನ, ಆಂಬುಲೆನ್ಸಿನವನು ಬರೆದುಕೊಳ್ಳಲು ಕೇಳಿದಾಗ. ಆಗಲೂ ಯಾರಿಗೂ ತಟ್ಟನೆ ಗೊತ್ತಾಗಲಿಲ್ಲವಂತೆ. ಗುಮಾಸ್ತರು ಹಾಜರಿ ಪುಸ್ತಕ ತರಲು ಓಡಿದರಂತೆ.

ಅದಕ್ಕೂ ಮೊದಲು ಅವನು ವಿಶ್ವವಿದ್ಯಾಲಯದಲ್ಲಿ ದಿನಗೂಲಿಯ ಮೇಲೆ ಪ್ರಯೋಗಾಲಯ ತೊಳೆಯುತ್ತಿದ್ದ. ಅವಳು ಅಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಓದುತ್ತಿದ್ದಳು. ಗಾಜಿನ ಕೊಳವೆ ಕತ್ತರಿಸಿದ ಮೇಲೆ ಅದರ ಅಂಚನ್ನು ಉರಿಯಲ್ಲಿ ತಿರುಗಿಸಿ ದುಂಡಗೆ ಮಾಡುವುದನ್ನು ಕಲಿಸಿದವನು ಪ್ರೊಫೆಸರಲ್ಲ, ಅವನು. "ಚೂಪು ಉಳಿಸಿದ್ರೆ ಕೈ ಕೇಳುತ್ತೆ ಮೇಡಮ್ಮು," ಎಂದಿದ್ದ. ಅಂದಿನಿಂದ ಅವಳು ಮೇಡಮ್ಮು. ಮದುವೆಯಾದ ಮೇಲೆ ತವರಿನವರು ಅವಳ ಫೋಟೋ ಗೋಡೆಯಿಂದ ಇಳಿಸಿದರು.

ಎರಡು ವರ್ಷದ ಕೆಳಗೆ ಅದೇ ಶಾಲೆಯಲ್ಲಿ ಕೆಮಿಸ್ಟ್ರಿ ಮೇಡಂ ಕೆಲಸ ಖಾಲಿಯಾಯಿತು. ಅರ್ಜಿ ಹಾಕಿದಳು. ಪ್ರಿನ್ಸಿಪಾಲರು ಅಂಕಪಟ್ಟಿಯನ್ನು ಎರಡು ಸಲ ನೋಡಿದರು. "ಅಂಕವೇನೋ ಚೆನ್ನಾಗಿದೆಯಮ್ಮ. ಆದರೆ ನೀನು ಸ್ಟಾಫ್ ರೂಮಲ್ಲಿ ಕೂತಿರ್ತೀಯ, ನಿನ್ನ ಗಂಡ ಟೀ ತಂದಿಡ್ತಾನೆ. ಉಳಿದವರಿಗೆ ಇರಿಸುಮುರಿಸಾಗುತ್ತೆ. ನೀನೇ ಯೋಚನೆ ಮಾಡು."

ಅದನ್ನು ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಇರಿಸುಮುರಿಸು ಯಾಕೆ? ನಿನಗೊಬ್ಬಳಿಗೆ ಸಕ್ಕರೆ ಜಾಸ್ತಿ ಹಾಕ್ತಿದ್ದೆ, ಅಷ್ಟೇ." ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ.

ಕೆಲಸ ಸಿಗಲಿಲ್ಲ. ಆದರೆ ಅವಳ ಓದು ಅವನ ಜೊತೆ ದಿನಾ ಶಾಲೆಗೆ ಹೋಗುತ್ತಿತ್ತು. ತರಗತಿ ಮುಗಿದ ಮೇಲೆ ಬೀಕರುಗಳಲ್ಲಿ ಉಳಿದದ್ದನ್ನೆಲ್ಲ ಅವನು ಒಂದೇ ಕಂದು ಬಾಟಲಿಗೆ ಸುರಿಯುತ್ತಿದ್ದ. ದಪ್ಪ ಗಾಜಿನ ದೊಡ್ಡ ಬಾಟಲಿ. ತುಂಬಿದ ಮೇಲೆ ಹಿಂದಿನ ಗುಂಡಿಗೆ ಚೆಲ್ಲುವುದು. ಅದನ್ನು ಕೇಳಿದ ದಿನವೇ ಅವಳು ಅವನನ್ನು ತಡೆದಿದ್ದಳು. "ನೈಟ್ರಿಕ್ ಆಸಿಡ್ಡಿಗೂ ಸ್ಪಿರಿಟ್ಟಿಗೂ ಒಂದೇ ಬಾಟಲಿಯಾ? ಬೇರೆ ಬೇರೆ ಕೇಳು." ಅವನು ಕೇಳಿದ. ಕೆಮಿಸ್ಟ್ರಿ ಮೇಷ್ಟ್ರು, "ಬಾಟಲಿ ನಿಮ್ಮಪ್ಪನ ಮನೆಯಿಂದ ತರ್ತೀಯಾ?" ಎಂದರು. "ಹಾಗಾದರೆ ಮುಚ್ಚಳವನ್ನಾದರೂ ಬಿಗಿ ಮಾಡಬೇಡ. ಒಳಗೆ ಗಾಳಿ ಹುಟ್ಟುತ್ತೆ. ಹೋಗೋಕೆ ದಾರಿ ಇರಲಿ," ಎಂದು ಅವಳು ಹೇಳಿಕೊಟ್ಟಳು.

ವರ್ಷವಿಡೀ ಅವನು ಮುಚ್ಚಳ ಸಡಿಲ ಬಿಟ್ಟ. ವಾಸನೆ ಬಂತು. ಬಾರದೆ ಏನು? ಪ್ರಯೋಗಾಲಯದಲ್ಲಿ ಹೊಗೆ ಹೋಗಲೆಂದೇ ಗಾಜಿನ ಬಾಗಿಲಿನ ಒಂದು ಗೂಡಿದೆ. ಅದರ ಫ್ಯಾನನ್ನು ಬಿಚ್ಚಿ ಪ್ರಿನ್ಸಿಪಾಲರ ಕೋಣೆಗೆ ಹಾಕಿದ್ದರು. ಗೂಡಿನಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳಿದ್ದವು. ವಾಸನೆ ಕಿಟಕಿಯಿಂದ ಹೊರಬಿದ್ದು, ಅದೇ ಫ್ಯಾನಿನ ಪಕ್ಕದ ಕಿಟಕಿಯಿಂದ ಪ್ರಿನ್ಸಿಪಾಲರ ಕೋಣೆಗೆ ಹೋಗುತ್ತಿತ್ತು. ಎರಡು ಸಲ ಬೈದರು. ಮೂರನೆಯ ಸಲ ಮೆಮೊ ಕೊಟ್ಟರು.

ಅವನು ಮೆಮೊ ಮನೆಗೆ ತಂದು ನಾಟಕದ ದನಿಯಲ್ಲಿ ಓದಿದ್ದ. "ತ್ಯಾಜ್ಯದ ಬಾಟಲಿಯ ಮುಚ್ಚಳವನ್ನು ಸಡಿಲ ಬಿಟ್ಟು ದುರ್ವಾಸನೆ ಹರಡಲು ನೀನು ಕಾರಣನಾಗಿರುತ್ತೀಯೆ. ಮತ್ತೆ ಹೀಗಾದಲ್ಲಿ ಕೆಲಸದಿಂದ ತೆಗೆಯಲಾಗುವುದು." ಆಮೇಲೆ ಮಡಿಸಿಟ್ಟು, "ಮೇಡಮ್ಮು, ನಿನ್ನ ಕೆಮಿಸ್ಟ್ರಿ ನನ್ನ ಕೆಲಸ ನುಂಗುತ್ತೆ ಕಣೇ," ಎಂದ.

ಅವಳು ಏನೂ ಹೇಳಲಿಲ್ಲ. ಬಿಗಿ ಮಾಡು ಎನ್ನಲಿಲ್ಲ, ಬೇಡವೆಂದೂ ಎನ್ನಲಿಲ್ಲ. ಒಲೆಯ ಕಡೆ ತಿರುಗಿ ನಿಂತಳು.

ಮರುದಿನದಿಂದ ಅವನು ಮುಚ್ಚಳ ಬಿಗಿ ಮಾಡಿದ. ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಆಸಿಡ್ ಇದ್ದ ಬಾಟಲಿಗೆ ಸ್ಪಿರಿಟ್ ಸುರಿದು, ಬಿಗಿದು, ಬೀಕರು ತೊಳೆಯುವ ತೊಟ್ಟಿಯ ಕೆಳಗಿಟ್ಟ. ಒಂದು ಗಂಟೆಯ ಮೇಲೆ ನೆಲ ಒರೆಸುವ ಬಟ್ಟೆ ತೆಗೆದುಕೊಳ್ಳಲು ಅಲ್ಲೇ ಬಗ್ಗಿದ. ಆಗ ಬಾಟಲಿ ಒಡೆಯಿತು.

ಕಣ್ಣಿಗೆ ಒಂದು ಚೂರೂ ಬಿದ್ದಿರಲಿಲ್ಲ. ಕಣ್ಣು ಚೆನ್ನಾಗಿಯೇ ಇದ್ದವು, ತೆರೆದೇ ಇದ್ದವು. ಗಾಜು ಕತ್ತಿನ ನರಕ್ಕೆ ಹೋಗಿತ್ತು.

ಗುಂಡಿ ಹಾಕಿ ಮುಗಿದ ಸೂಜಿಗೆ ಮತ್ತೆ ದಾರ ಪೋಣಿಸಿ, ಅವಳು ಕನ್ನಡಕದ ಪಟ್ಟಿಯನ್ನು ಸೀಮೆಸುಣ್ಣದ ಗುರುತಿನ ಮೇಲೆಯೇ ಹೊಲಿದು ಮುಗಿಸಿದಳು. ಮೆಮೊದ ಜೊತೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮೂವರಿದ್ದರು. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಕಾರ್ಯದರ್ಶಿ, ಕೆಮಿಸ್ಟ್ರಿ ಮೇಷ್ಟ್ರು. ಕಿಟಕಿಯ ಪಕ್ಕ ಗೋಡೆಯಲ್ಲಿ ಫ್ಯಾನು ತಿರುಗುತ್ತಿತ್ತು. ಇದೇ ಆ ಫ್ಯಾನು ಎಂದು ಅವಳು ನೋಡಿದಳು. ರೆಕ್ಕೆಯ ಮೇಲೆ ಆಸಿಡ್ ತಿಂದ ಕಲೆಗಳಿದ್ದವು.

"ಕೂತ್ಕೊಳ್ಳಿ," ಎಂದರು ಕಾರ್ಯದರ್ಶಿ. ಈ ಶಾಲೆಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿದ್ದು ಇದೇ ಮೊದಲು.

ಮೇಜಿನ ಮೇಲೆ ಎರಡು ಕಾಗದಗಳು. ಒಂದು ನೇಮಕಾತಿ ಆದೇಶ. ಹುದ್ದೆ: ಪ್ರಯೋಗಾಲಯದ ಅಟೆಂಡರ್. ಇನ್ನೊಂದು ಅವಳ ಹೇಳಿಕೆ. ಅವಳು ಹೇಳುವ ಮೊದಲೇ ಟೈಪಾಗಿತ್ತು. 'ನನ್ನ ಪತಿಗೆ ಸಂಸ್ಥೆಯು ಸುರಕ್ಷಾ ಕನ್ನಡಕ, ಕೈಗವಸು ಮತ್ತು ಏಪ್ರನ್ ನೀಡಿತ್ತು. ಘಟನೆಯ ದಿನ ತಮ್ಮ ಸ್ವಂತ ಅಜಾಗರೂಕತೆಯಿಂದ ಅವರು ಅವುಗಳನ್ನು ಧರಿಸಿರಲಿಲ್ಲ. ಇದಕ್ಕೆ ಸಂಸ್ಥೆ ಹೊಣೆಯಲ್ಲ.'

"ಇದಕ್ಕೆ ಸಹಿ ಹಾಕಿದರೆ ಅದು ನಿಮ್ಮ ಕೈಗೆ," ಎಂದರು ಕಾರ್ಯದರ್ಶಿ.

"ಕನ್ನಡಕ ಯಾವಾಗ ಕೊಟ್ಟಿದ್ರಿ ಸಾರ್?"

ಅವರು ರಿಜಿಸ್ಟರ್ ತಿರುಗಿಸಿ ತೋರಿಸಿದರು. ಎಂಟು ವರ್ಷ, ಎಂಟು ಸಹಿ. ಆಮೇಲೆ ಗೋಡೆಯ ಕಡೆ ಬೆರಳು ಮಾಡಿದರು. ಗೋಡೆಯ ಮೇಲೆ ದೊಡ್ಡ ಫೋಟೋ. ಕನ್ನಡಕ, ಕೈಗವಸು, ಬಿಳಿ ಏಪ್ರನ್ ತೊಟ್ಟು ಅವನು ನಿಂತಿದ್ದ. ಹಲ್ಲು ಕಾಣುವಂತೆ ನಕ್ಕಿದ್ದ.

ತಪಾಸಣೆಯ ದಿನ ತೆಗೆದದ್ದು. ವರ್ಷಕ್ಕೊಮ್ಮೆ ಮೇಲಿನವರು ಪರೀಕ್ಷಿಸಲು ಬರುವ ಹೊತ್ತಿಗೆ ಬೀರುವಿನ ಬೀಗ ತೆಗೆಯುತ್ತಿದ್ದರು. ಹದಿನೆಂಟು ಕನ್ನಡಕ ಹೊರಗೆ ಬರುತ್ತಿದ್ದವು. ಸಹಿ ತೆಗೆದುಕೊಂಡು ಅವನಿಗೆ ಒಂದು ತೊಡಿಸುತ್ತಿದ್ದರು. ಬಂದವರು ಹೋದ ಮೇಲೆ ಅವನೇ ಎಲ್ಲವನ್ನೂ ಒರೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ವಾಪಸ್ ಇಡುತ್ತಿದ್ದ. ಬೀಗದ ಕೈ ಪ್ರಿನ್ಸಿಪಾಲರ ಬಳಿ. "ಇವತ್ತು ಅರ್ಧ ಗಂಟೆ ನಾನು ವಿಜ್ಞಾನಿ ಆಗಿದ್ದೆ ಕಣೇ," ಎಂದು ಮನೆಗೆ ಬಂದು ಹೇಳುತ್ತಿದ್ದ.

"ಬೀರು ತೆಗೀರಿ ಸಾರ್. ಹದಿನೆಂಟೂ ಇವೆಯಾ ನೋಡೋಣ. ಅವನಿಗೆ ಕೊಟ್ಟಿದ್ರೆ ಹದಿನೇಳು ಇರಬೇಕಲ್ಲ."

ಪ್ರಿನ್ಸಿಪಾಲರು ಕಾರ್ಯದರ್ಶಿಯ ಮುಖ ನೋಡಿದರು. "ಮಕ್ಕಳು ಮುರಿದುಬಿಡ್ತಾರಮ್ಮ. ಅದಕ್ಕೆ ಬೀಗ."

"ಅವನು ವೆಲ್ಡರ್ ಅಂಗಡಿಯಿಂದ ಎರವಲು ತಂದು ಹಾಕ್ಕೊತಿದ್ದ," ಎಂದು ಅವಳು ಚೀಲದಿಂದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅವತ್ತು ಇದು ನನ್ನ ಹತ್ತಿರ ಇತ್ತು. ಪಟ್ಟಿ ಹೊಲಿಯೋಕೆ ಇಟ್ಕೊಂಡಿದ್ದೆ."

ಕಾರ್ಯದರ್ಶಿಯ ಮುಖ ಅರಳಿತು. "ಅಂದ್ರೆ ಕನ್ನಡಕ ಇತ್ತು. ಮನೆಯಲ್ಲೇ ಬಿಟ್ಟು ಬಂದಿದ್ದ. ನಾವು ಬರೆದಿರೋದೂ ಅದೇ ಅಲ್ವೇನಮ್ಮಾ?" ಅವರ ಕೈ ಕನ್ನಡಕದ ಕಡೆ ಬಂತು. "ಇದು ಇಲ್ಲೇ ಇರಲಿ."

ಅವಳು ಕನ್ನಡಕವನ್ನು ಎಳೆದುಕೊಂಡಳು. "ಕನ್ನಡಕ ಕತ್ತಿಗೆ ಹಾಕ್ಕೊಳ್ತಾರಾ ಸಾರ್?"

ಕಾರ್ಯದರ್ಶಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಅವನ ಕಣ್ಣಿಗೇನೂ ಆಗಿರಲಿಲ್ಲ. ಹೋಗಿದ್ದು ಕತ್ತು." ಅವಳು ಕೆಮಿಸ್ಟ್ರಿ ಮೇಷ್ಟ್ರ ಕಡೆ ತಿರುಗಿದಳು. "ನೀವು ಹೇಳಿ ಸಾರ್. ನೈಟ್ರಿಕ್ ಆಸಿಡ್ ಇರೋ ಬಾಟಲಿಗೆ ಸ್ಪಿರಿಟ್ ಸುರಿದು, ಮುಚ್ಚಳ ಬಿಗಿದು ಒಂದು ಗಂಟೆ ಬಿಟ್ಟರೆ ಏನಾಗುತ್ತೆ?"

ಮೇಷ್ಟ್ರು ಪೆನ್ನಿನ ಟೋಪಿ ತೆಗೆದರು, ಹಾಕಿದರು. "ಅದು ಸಿಲಬಸ್ಸಲ್ಲಿ ಇಲ್ಲ," ಎಂದರು.

ಅವಳಿಗೆ ನಗು ಬಂತು. ಅವನಿದ್ದಿದ್ದರೆ ಈ ಮಾತನ್ನು ಒಂದು ವಾರ ಹೇಳಿಕೊಂಡು ನಗುತ್ತಿದ್ದ. ಅವಳು ಮೆಮೊ ತೆಗೆದು ಬಿಡಿಸಿ ಇಟ್ಟಳು. "ಮುಚ್ಚಳ ಬಿಗಿ ಮಾಡಿಸಿದ್ದು ಇದು. ಅಲ್ಲೀವರೆಗೆ ಅವನು ಸಡಿಲ ಬಿಡ್ತಿದ್ದ."

ಕಾರ್ಯದರ್ಶಿ ಮೆಮೊ ಓದಿದರು. ಎರಡನೆಯ ಸಲ ಗಟ್ಟಿಯಾಗಿ ಓದಿದರು. ನಿಧಾನವಾಗಿ ಕಾಗದ ಕೆಳಗಿಟ್ಟರು. "ಇದರಲ್ಲಿ ಏನಿದೆ? ಬಾಟಲಿ ವಿಷಯದಲ್ಲಿ ಅವನು ಮೊದಲಿಂದಲೂ ಉದಾಸೀನ, ನಾವು ಎಚ್ಚರಿಸಿದ್ದೀವಿ ಅಂತಲೇ ಇದೆಯಲ್ಲ. ನೀವೇ ತಂದುಕೊಟ್ಟಿದ್ದು ಒಳ್ಳೇದಾಯ್ತು."

ಅವಳು ಆ ಕಾಗದವನ್ನೇ ನೋಡಿದಳು. ಐದು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಇದೊಂದು ಇದೆಯಲ್ಲ ಎಂದುಕೊಂಡಿದ್ದಳು.

"ಹಟ ಮಾಡಬೇಡಮ್ಮ," ಎಂದರು ಪ್ರಿನ್ಸಿಪಾಲರು. ದನಿಯಲ್ಲಿ ನಿಜವಾಗಿಯೂ ಮರುಕವಿತ್ತು. "ನಿನ್ನ ಅತ್ತೆ ನಿನ್ನೆ ಬಂದು ಕೈಮುಗಿದು ಹೋದರು. ಎಂಎಸ್ಸಿ ಓದಿದವಳಿಗೆ ಈ ಕೆಲಸ ಸಣ್ಣದು, ಗೊತ್ತು. ಆದರೂ ಮನೆ ನಡೆಯುತ್ತೆ. ಟೀ ಗೀ ತರೋದು ಬೇಡ, ಅದನ್ನ ಬೇರೆಯವರಿಗೆ ಹೇಳ್ತೀನಿ."

ಅತ್ತೆ ಬಂದಿದ್ದು ಅವಳಿಗೆ ಗೊತ್ತಿರಲಿಲ್ಲ. ಒಗೆದು ಒಗೆದು ಬಿಳುಚಿಕೊಂಡ ಆ ಎರಡು ಕೈಗಳು ಈ ಮೇಜಿನ ಮುಂದೆ ಜೋಡಿಕೊಂಡಿದ್ದು ಅವಳ ಕಣ್ಣ ಮುಂದೆ ಬಂತು. ಪೆನ್ನು ತೆಗೆದುಕೊಂಡಳು. ಮೂವರೂ ಅವಳ ಕೈಯನ್ನೇ ನೋಡಿದರು. 'ಸ್ವಂತ ಅಜಾಗರೂಕತೆಯಿಂದ' ಎಂಬಲ್ಲಿ ಅವಳ ಕಣ್ಣು ನಿಂತಿತು. ಅವನು ಎಂಟು ವರ್ಷ ತೊಳೆದ ಬೀಕರುಗಳಲ್ಲಿ ಒಂದನ್ನೂ ಒಡೆದವನಲ್ಲ.

ಪೆನ್ನನ್ನು ಮೇಜಿನ ಮೇಲಿಟ್ಟಳು.

"ಹಾಕಲ್ಲ."

"ಯೋಚನೆ ಮಾಡಿ ಹೇಳಿ."

"ಮಾಡಿ ಆಯ್ತು. ಹೇಳಿದವಳು ನಾನು, ಸಡಿಲ ಬಿಡು ಅಂತ. ಬಿಗಿ ಮಾಡು ಅಂದವರು ನೀವು. ಸುಮ್ಮನಿದ್ದವಳೂ ನಾನೇ. ಇಷ್ಟನ್ನ ಬರೀರಿ, ಸಹಿ ಹಾಕ್ತೀನಿ."

ಕಾರ್ಯದರ್ಶಿ ಎರಡೂ ಕಾಗದಗಳನ್ನು ಕಡತಕ್ಕೆ ಸೇರಿಸಿದರು. ಮೆಮೊವನ್ನೂ ಸೇರಿಸಿದರು. ಅವಳು ಕೈಚಾಚಿದಳು. "ಅದು ಸಂಸ್ಥೆಯ ಕಾಗದ," ಎಂದು ಅವರು ಕಡತದ ದಾರ ಕಟ್ಟಿದರು.

"ಅವನ ಊಟದ ಡಬ್ಬಿ ಲ್ಯಾಬಲ್ಲಿದೆ. ತಗೊಂಡು ಹೋಗ್ತೀನಿ," ಎಂದಳು.

ಕಾವಲುಗಾರ ತಾತ ಬಾಗಿಲು ತೆಗೆದುಕೊಟ್ಟ. ಈಗ ಪ್ರಯೋಗಾಲಯದ ಕೆಲಸವೂ ಅವನದೇ. ಬರಿಗೈ, ಬರಿಗಣ್ಣು. ಹೆಗಲ ಮೇಲೊಂದು ಒದ್ದೆ ಬಟ್ಟೆ.

ನೆಲ ತೊಳೆದಿದ್ದರು. ಸಿಮೆಂಟಿನ ಸಂದಿಯಲ್ಲಿ ಮಾತ್ರ ಕಪ್ಪಗೆ ಉಳಿದಿತ್ತು. ಗೋಡೆಯ ಮೇಲೆ ಸುರಕ್ಷತಾ ನಿಯಮಗಳ ಪಟ್ಟಿ ತೂಗುತ್ತಿತ್ತು. ಕೆಳಗೆ ಕೆಮಿಸ್ಟ್ರಿ ಮೇಷ್ಟ್ರ ಹೆಸರು. ಅಕ್ಷರ ಅವಳದು. ಅವನು ದೊಡ್ಡ ಹಾಳೆ ಮನೆಗೆ ತಂದು, "ನಿನ್ನ ಕೈಬರಹ ಗೋಡೆ ಮೇಲಾದ್ರೂ ಕೆಲಸಕ್ಕೆ ಸೇರ್ಲಿ," ಎಂದು ಬರೆಸಿಕೊಂಡಿದ್ದ. ಹತ್ತು ನಿಯಮ ಬರೆದಿದ್ದಳು. ಈಗ ಒಂಬತ್ತು ಕಾಣುತ್ತಿದ್ದವು. ಏಳನೆಯದರ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು. ಉಗುರಿನಿಂದ ಕೆರೆದಳು. 'ಉಳಿದ ರಾಸಾಯನಿಕಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಬೇಡಿ.' ತಪಾಸಣೆಗೆ ಬಂದವರು ಓದಿ, ಬೇರೆ ಬೇರೆ ಬಾಟಲಿ ಎಲ್ಲಿ ಎಂದು ಕೇಳಿಬಿಟ್ಟಾರೆಂದು ಮುಚ್ಚಿದ್ದರು.

ತೊಟ್ಟಿಯ ಕೆಳಗೆ ಬಗ್ಗಿ ನೋಡಿದಳು. ಹೊಸದೊಂದು ಕಂದು ಬಾಟಲಿ. ಅರ್ಧ ತುಂಬಿತ್ತು. ಮುಚ್ಚಳ ಬಿಗಿಯಾಗಿತ್ತು.

"ತಾತಾ, ಇದಕ್ಕೆ ಏನೇನು ಹಾಕಿದ್ದೀಯ?"

"ಏನೇನು ಉಳಿಯುತ್ತೋ ಎಲ್ಲಾನೂ ತಾಯಿ. ಹಾಗೇ ಅಲ್ವಾ?"

"ಹೊರಗೆ ಹೋಗು."

"ಯಾಕವ್ವಾ?"

"ಹೋಗು ಅಂದ್ನಲ್ಲ!"

ಐದು ದಿನದಲ್ಲಿ ಅವಳ ದನಿ ಏರಿದ್ದು ಆಗಲೇ. ತಾತ ಬಾಗಿಲಾಚೆ ಸರಿದ. ಅವಳು ಎರವಲು ಕನ್ನಡಕ ಹಾಕಿಕೊಂಡಳು. ಪಟ್ಟಿ ಅವಳ ತಲೆಗೆ ಸಡಿಲವಾಯಿತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಮಂಡಿಯೂರಿ, ಮುಖ ಪಕ್ಕಕ್ಕೆ ತಿರುಗಿಸಿ, ಇನ್ನೊಂದು ಕೈಯಿಂದ ಮುಚ್ಚಳವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು. ಹಾವು ಬುಸುಗುಟ್ಟಿದ ಹಾಗೆ ಗಾಳಿ ಹೊರಬಂತು. ಕಂದು ಹೊಗೆ ಸಣ್ಣಗೆ ಮೇಲೆದ್ದಿತು. ಕೆಮ್ಮು ಬಂತು. ಕಿಟಕಿಗಳನ್ನೆಲ್ಲ ತೆರೆದಳು.

ತಾತ ಬಾಗಿಲಲ್ಲೇ ನಿಂತು ಹೆಗಲ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡಿದ್ದ.

"ನೋಡಿದ್ಯಾ? ಇದು ಒಳಗೇ ಇದ್ದಿದ್ರೆ ನೀನೂ ಇರ್ತಿರ್ಲಿಲ್ಲ. ಎಲ್ಲಾನೂ ಬೆರೆಸಬೇಡ. ಮುಚ್ಚಳ ಬಿಗಿ ಮಾಡಬೇಡ. ಯಾರೇ ಹೇಳ್ಲಿ."

"ಬಿಗಿ ಮಾಡು ಅಂದಿದ್ದಾರಲ್ಲವ್ವಾ."

"ಅವರು ಬಗ್ಗಿ ತೆಗೀತಾರಾ? ಬಗ್ಗೋನು ನೀನು."

"ಹ್ಞೂಂ," ಎಂದ ತಾತ. ತಲೆಯಾಡಿಸಿದ. ಊಟದ ಡಬ್ಬಿಯನ್ನು ಒರೆಸಿ ಕೈಗೆ ಕೊಟ್ಟ.

ಅವಳು ಅಂಗಳ ದಾಟುತ್ತಿದ್ದಾಗ ಪ್ರಿನ್ಸಿಪಾಲರ ಕಿಟಕಿಯಿಂದ ದನಿ ಬಂತು. "ಏ ತಾತ! ಏನಯ್ಯಾ ಇದು ವಾಸನೆ?"

ಅವಳು ತಿರುಗಿದಳು. ಪ್ರಯೋಗಾಲಯದ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಕೊನೆಯ ಕಿಟಕಿಯಲ್ಲಿ ತಾತನ ಬೆನ್ನು ಕಂಡಿತು. ಬೆನ್ನು ತೊಟ್ಟಿಯ ಕಡೆಗೆ ಬಗ್ಗಿತು. ಬಲಗೈ ಮೊಣಕೈಯವರೆಗೂ ತಿರುಗಿತು. ಬಲ ಹಾಕಿ ತಿರುಗಿತು.

"ತಾತಾ!" ಎಂದು ಕೂಗಿದಳು. ಗಂಟೆ ಹೊಡೆಯಿತು. ಮಕ್ಕಳ ಗದ್ದಲದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಮತ್ತೆ ಒಳಗೆ ಹೋಗಲು ಹೊರಟಳು. ಗುಮಾಸ್ತರು ಅಡ್ಡ ಬಂದು, "ಇನ್ನು ನಿಮ್ಮನ್ನ ಒಳಗೆ ಬಿಡಬೇಡ ಅಂದಿದ್ದಾರಮ್ಮ," ಎಂದು ಗೇಟಿನವರೆಗೂ ಜೊತೆಗೇ ನಡೆದು ಬಂದರು. "ಆ ಬಾಟಲಿ ಒಡೆಯುತ್ತೆ, ಹೋಗಿ ತಾತನಿಗೆ ಹೇಳಿ," ಎಂದು ಅವಳು ಎರಡು ಸಲ ಅಂದರೂ ಅವರು ಗೇಟು ಹಾಕಿಕೊಂಡರು.

ವೆಲ್ಡರನ ಅಂಗಡಿ ಶಾಲೆಯ ಗೋಡೆಗೆ ಒತ್ತಿಕೊಂಡೇ ಇತ್ತು. ಬೀದಿಯವರೆಲ್ಲ ಅವನನ್ನು ಕಿಡಿಯಣ್ಣ ಎನ್ನುತ್ತಿದ್ದರು. ಗೇಟೊಂದರ ಬೆಸುಗೆಯನ್ನು ಗ್ರೈಂಡರಿನಲ್ಲಿ ಉಜ್ಜುತ್ತಿದ್ದ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿಕೊಂಡಿದ್ದ. ಮುಚ್ಚಿದ ಕಣ್ಣು ಕೆಂಪಗೆ ಊದಿತ್ತು. ಅವಳನ್ನು ಕಂಡು ಯಂತ್ರ ನಿಲ್ಲಿಸಿದ.

"ಬಾ ತಂಗಿ. ಕೂತ್ಕೋ."

ಅವಳು ಕನ್ನಡಕ ಚಾಚಿದಳು. "ನಿಮ್ಮದು. ಅವನು ತಂದಿದ್ದು."

ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಅಯ್ಯೋ, ಇಟ್ಕೊಳವ್ವ. ಅವನ ನೆನಪಿಗಿರ್ಲಿ. ನಾಳೆ ಕೋರ್ಟು ಗೀರ್ಟು ಅಂದ್ರೆ ಸಾಕ್ಷಿಗೂ ಆಗುತ್ತೆ."

"ಯಾವ ಕೋರ್ಟು ಅಣ್ಣ? ಇದನ್ನ ಕಂಡ್ರೆ ಅವರಿಗೇ ಸಾಕ್ಷಿ." ಅವಳು ಅವನ ಊದಿದ ಕಣ್ಣನ್ನು ನೋಡಿದಳು. "ಕಿಡಿ ಬಿತ್ತಾ?"

"ಮೊನ್ನೆ. ಡಾಕ್ಟ್ರು ಕಬ್ಬಿಣದ ಚೂರು ತೆಗೆದ್ರು. ಏನಾಗಲ್ಲ ಬಿಡು."

"ಬಂದು ಕೇಳಬಾರದಾ?"

"ಸಾವಾದ ಮನೆಗೆ ಬಂದು ಕನ್ನಡಕ ಕೇಳಕ್ಕಾಗುತ್ತೇನವ್ವಾ?"

ಅವಳು ಕನ್ನಡಕವನ್ನು ಅವನ ಕೈಯಲ್ಲಿಟ್ಟಳು. ಅವನು ಅಂಗಿಯ ತುದಿಯಿಂದ ಗಾಜು ಒರೆಸಿ, ತಲೆಗೆ ಏರಿಸಿದ. ಪಟ್ಟಿ ಕಿವಿಯ ಮೇಲೆ ಬಂದು ನಿಂತಿತು. ಎಳೆದ. ಹಣೆಯಲ್ಲಿ ಗೆರೆ ಬಿದ್ದಿತು.

"ಸ್ವಲ್ಪ ಬಿಗಿ ಆಯ್ತು," ಎಂದ. "ಪರವಾಗಿಲ್ಲ. ಎಳೆದ್ರೆ ಸರಿಹೋಗುತ್ತೆ."

"ತನ್ನಿ."

ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು. ಬೆಳಿಗ್ಗೆ ಹಾಕಿದ್ದ ಹೊಲಿಗೆ ಗಟ್ಟಿಯಾಗಿತ್ತು. ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎತ್ತಿ ಕಿತ್ತಳು. ಮಡಿಕೆ ಬಿಚ್ಚಿಕೊಂಡಿತು. ಒಳಗೆ ಸೀಮೆಸುಣ್ಣದ ಗುರುತು ಇನ್ನೂ ಅಚ್ಚ ಬಿಳಿ ಇತ್ತು. ಅವನ ತಲೆಯ ಸುತ್ತಳತೆ ಅಲ್ಲಿಗೆ ಮುಗಿಯುತ್ತಿತ್ತು. ಹೆಬ್ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ. ಅದನ್ನು ದಾಟಿ ಎರಡು ಬೆರಳು ಆಚೆಗೆ ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿದಳು.

"ಈಗ ನೋಡಿ."

ಅವನು ಹಾಕಿಕೊಂಡ. ತಲೆ ಬಗ್ಗಿಸಿದ, ಎತ್ತಿದ. ಕನ್ನಡಕ ಜಾರಲಿಲ್ಲ.

"ಸರಿಯಾಯ್ತು ತಂಗಿ."

ಅವಳು ಊಟದ ಡಬ್ಬಿ ಎತ್ತಿಕೊಂಡು ಬೀದಿಗೆ ಇಳಿದಳು. ಹಿಂದೆ ಗ್ರೈಂಡರ್ ಶುರುವಾಯಿತು.